ಬಡಗಣ ತುದಿಗೆ ಎರಡು ಚಕ್ರ

ಸುರಂಗದ ಬಾಯಿ ಕಂಡ ಕೂಡಲೇ ಪಳಗಿದ ಸವಾರರು ಹೆಲ್ಮೆಟ್ಟಿನ ಗಾಜನ್ನು ಬೆರಳಗಲ ಎತ್ತಿಕೊಳ್ಳುತ್ತಾರೆ. ಎತ್ತದಿದ್ದರೆ ಒಳಗಿನ ತೇವಕ್ಕೆ ಗಾಜಿನ ಮೇಲೆ ಮಂಜು ಕೂತು ಮುಂದಿನ ದಾರಿಯೇ ಮಸುಕಾಗುತ್ತದೆ. ಆಮೇಲೆ ಬರೀ ಇಳಿಜಾರು. ನೂರು ಮೀಟರ್ ಮುಂದೆ ಹೋದರೆ ಒಂಬತ್ತು ಮೀಟರ್ ಕೆಳಗೆ. ಎಂಜಿನ್ನಿನ ಸದ್ದು ಬಂಡೆಗೆ ಬಡಿದು ಹಿಂದಿನಿಂದಲೂ ಮುಂದಿನಿಂದಲೂ ಕೇಳುತ್ತದೆ, ಗ್ಲೌಸಿನೊಳಗಿನ ಬೆರಳು ತಣ್ಣಗಾಗುತ್ತದೆ. ತಳ ಮುಟ್ಟಿದಾಗ ತಲೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಕಡಲು. ಸಮುದ್ರ ಮಟ್ಟಕ್ಕಿಂತ 212 ಮೀಟರ್ ಕೆಳಗೆ ಬೈಕು ಓಡುತ್ತಿರುತ್ತದೆ. ಇಳಿದಷ್ಟನ್ನೂ ಮತ್ತೆ ಹತ್ತಿ ಬೆಳಕಿಗೆ ಬಂದರೆ ಮರಗಳೇ ಕಾಣದ ಬೋಳುಗುಡ್ಡಗಳ ಮಾಗೆರೊಯಾ ದ್ವೀಪ.

ನಾರ್ವೆಯ ಈ ದ್ವೀಪದ ಬಡಗಣ ಅಂಚಿನಲ್ಲಿದೆ ನಾರ್ಡ್‌ಕಾಪ್. 71 ಡಿಗ್ರಿ 10 ನಿಮಿಷ ಉತ್ತರ ಅಕ್ಷಾಂಶದಲ್ಲಿ, ಆರ್ಕ್ಟಿಕ್ ಕಡಲಿಗೆ ಎದೆಕೊಟ್ಟು ನಿಂತ 307 ಮೀಟರ್ ಎತ್ತರದ ಬಂಡೆಗೋಡೆ. ನಮ್ಮ ಬೈಕ್ ಸವಾರರಿಗೆ ಲಡಾಖಿನ ಖರ್ದುಂಗ್ ಲಾ ಹೇಗೋ ಯುರೋಪಿನವರಿಗೆ ಇದು ಹಾಗೆ. ಒಮ್ಮೆ ಹೋಗಿ ಬರಲೇಬೇಕು ಎಂಬ ಜಾಗ. ಜರ್ಮನಿಯ ಹ್ಯಾಂಬರ್ಗಿನಿಂದ ಹೊರಟರೆ ಒಂದು ದಿಕ್ಕಿಗೇ 2,700 ಕಿಲೋಮೀಟರಿನ ಆಸುಪಾಸು.

ಇಷ್ಟು ದೂರ ಹೋಗುವುದು ಒಂದು ಬಂಡೆಯನ್ನು ನೋಡಲಿಕ್ಕೆ ಎಂದುಕೊಂಡರೆ ಪ್ರವಾಸದ ಸತ್ವವೇ ಕೈತಪ್ಪುತ್ತದೆ. ನೋಡಬೇಕಾದದ್ದು ದಾರಿಯನ್ನು. ಮೂರು ಮನೆ, ಒಂದು ದೋಣಿಕಟ್ಟೆ ಇರುವ ಮೀನುಗಾರರ ಹಳ್ಳಿಗೂ ವರ್ಷವಿಡೀ ವಾಹನ ಹೋಗಬೇಕು ಎಂದು ಹಟ ಹಿಡಿದು ಕಟ್ಟಿದ ಸೇತುವೆ, ಸುರಂಗ, ಫೆರ್ರಿಗಳ ಸಾಲು ಅದು. ಮೊದಲು ಮೈದಳೆದದ್ದು ಅಲ್ಲಿನ ಜನರ ದಿನನಿತ್ಯದ ಅಗತ್ಯಕ್ಕೆ, ಸವಾರರ ಪಾಲಿಗೆ ಒದಗಿಬಂದದ್ದು ಆಮೇಲೆ.

ದಕ್ಷಿಣದಿಂದ ಬರುವವರಿಗೆ ಮೊದಲು ಸಿಗುವುದು ಡೆನ್ಮಾರ್ಕಿನ ಸೇತುವೆಗಳು. ಗ್ರೇಟ್ ಬೆಲ್ಟ್ ಜಲಸಂಧಿಯ ತೂಗುಸೇತುವೆಯಲ್ಲಿ ಎರಡು ಕಂಬಗಳ ನಡುವಿನ ಹರವೇ 1,624 ಮೀಟರ್. ಅಡ್ಡಗಾಳಿ ಬೀಸುವ ದಿನ ಬೈಕನ್ನು ಗಾಳಿಯ ಕಡೆಗೆ ತುಸು ವಾಲಿಸಿಕೊಂಡೇ ದಾಟಬೇಕು. ಅದನ್ನು ದಾಟಿದರೆ ಕೋಪನ್‌ಹೇಗನ್, ಅಲ್ಲಿಂದ ಸ್ವೀಡನ್ನಿನ ಮಾಲ್ಮೋಗೆ 2000ದಲ್ಲಿ ತೆರೆದ ಓರೆಸುಂಡ್ ಮಾರ್ಗ. ಅರ್ಧ ಸೇತುವೆ, ನಡುವೆ ಮನುಷ್ಯರೇ ಹೂಡಿದ ಒಂದು ದ್ವೀಪ, ಉಳಿದದ್ದು ಕಡಲಡಿಯ ಸುರಂಗ. ಮುಂದೆ ದಾರಿ ಎರಡು. ಸ್ವೀಡನ್ನಿನ ಪೂರ್ವದಂಚಿನ ಇ4 ಹೆದ್ದಾರಿ ಹಿಡಿದು ಫಿನ್ಲೆಂಡಿನ ಮೂಲಕ ಹೋದರೆ ಬೇಗ ತಲುಪಬಹುದು, ಆದರೆ ಕಾಡು ಮುಗಿಯುವುದೇ ಇಲ್ಲ. ನಾರ್ವೆಯ ಪಶ್ಚಿಮ ಕರಾವಳಿ ಹಿಡಿದರೆ ದಿನಗಳು ಹೆಚ್ಚು ಬೇಕು. ರಜೆ ಇದ್ದವರು ಎರಡನೆಯದನ್ನೇ ಹಿಡಿಯಬೇಕು, ಅದರಲ್ಲಿ ಎರಡು ಮಾತಿಲ್ಲ.

ಭಾರತದಿಂದ ಹೋಗುವವರು ಬಹುಮಟ್ಟಿಗೆ ವಿಮಾನದಲ್ಲಿ ಇಳಿದು ಬಾಡಿಗೆ ಬೈಕು ಹಿಡಿಯುತ್ತಾರೆ. ಷೆಂಗೆನ್ ವೀಸಾದ ಜೊತೆಗೆ ಊರಿನ ಆರ್‌ಟಿಒ ಕಚೇರಿಯಲ್ಲಿ ಪಡೆದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಕೈಯಲ್ಲಿರಬೇಕು. ಕಾಗದಪತ್ರಕ್ಕಿಂತ ಕಷ್ಟದ್ದು ಬಲಬದಿಯ ಸಂಚಾರ. ನೇರ ರಸ್ತೆಯಲ್ಲಿ ಎರಡು ದಿನಕ್ಕೆ ರೂಢಿಯಾಗುತ್ತದೆ. ಮೈಮರೆಸುವುದು ಬೆಳಗ್ಗೆ ಖಾಲಿ ರಸ್ತೆಗೆ ಇಳಿಯುವ ಮೊದಲ ಕ್ಷಣ, ಫೋಟೊ ತೆಗೆದು ಮತ್ತೆ ಹೊರಡುವ ಕ್ಷಣ. ಇಡೀ ಸ್ವೀಡನ್ ಒಂದು ಕಾಲಕ್ಕೆ ಈ ಗೊಂದಲವನ್ನು ಅನುಭವಿಸಿದೆ. ಅಲ್ಲಿಯೂ ಎಡಬದಿಯ ಸಂಚಾರವೇ ಇತ್ತು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಐದು ಗಂಟೆಗೆ ದೇಶಕ್ಕೆ ದೇಶವೇ ಬಲಬದಿಗೆ ಹೊರಳಿತು.

ನಾರ್ವೆಯಲ್ಲಿ ಊರ ಹೊರಗಿನ ಸಾಮಾನ್ಯ ವೇಗಮಿತಿ ಗಂಟೆಗೆ 80 ಕಿಲೋಮೀಟರ್. ಮೀರಿದರೆ ದಂಡ ಜೇಬು ಸುಡುವಷ್ಟು. ತಿರುವು, ಫೆರ್ರಿ, ಮಳೆ ಎಲ್ಲ ಸೇರಿ ದಿನಕ್ಕೆ 300 ಕಿಲೋಮೀಟರ್ ಹೋದರೆ ಹೆಚ್ಚು. ಓಸ್ಲೋದಿಂದ ನಾರ್ಡ್‌ಕಾಪಿಗೆ ಎರಡು ಸಾವಿರ ಕಿಲೋಮೀಟರ್ ಎಂದರೆ ವಾರ ಹಿಡಿಯುವುದು ಇದೇ ಕಾರಣಕ್ಕೆ. ಅವಸರದವರಿಗೆ ಹೇಳಿ ಮಾಡಿಸಿದ ದೇಶ ಅಲ್ಲ.

ಚಳಿಯ ಲೆಕ್ಕ ಬೇರೆಯೇ. ಜುಲೈಯಲ್ಲೂ ಬಡಗಣ ತುದಿಯಲ್ಲಿ ತಾಪಮಾನ 10 ಡಿಗ್ರಿಯ ಸುತ್ತಮುತ್ತ. 10 ಡಿಗ್ರಿಯಲ್ಲಿ 80ರ ವೇಗಕ್ಕೆ ಮೈಯೊಡ್ಡಿದರೆ ಚರ್ಮಕ್ಕೆ ತಟ್ಟುವುದು ನಾಲ್ಕು ಡಿಗ್ರಿಯಷ್ಟು ಚಳಿ. ಅದಕ್ಕೇ ಮೈಗಂಟಿದ ಉಣ್ಣೆಯ ಒಳಅಂಗಿ, ಅದರ ಮೇಲೆ ಬೆಚ್ಚನೆಯ ಪದರ, ಎಲ್ಲಕ್ಕೂ ಹೊರಗೆ ಮಳೆ ತಡೆಯುವ ಸೂಟು. ಹ್ಯಾಂಡಲ್ಲಿನ ಹಿಡಿ ಬಿಸಿಯಾಗುವ ಸೌಲಭ್ಯ ಇಲ್ಲಿ ಐಷಾರಾಮ ಅಲ್ಲವೇ ಅಲ್ಲ, ಬ್ರೇಕ್ ಹಿಡಿಯುವ ಬೆರಳು ಮರಗಟ್ಟದಿರಲಿಕ್ಕೆ ಅದು ಬೇಕೇ ಬೇಕು.

ಪಶ್ಚಿಮ ನಾರ್ವೆ ಎಂದರೆ ಫ್ಯೋರ್ಡುಗಳ ನಾಡು. ಹಿಮನದಿಗಳು ಕೊರೆದ ಆಳ ಕಣಿವೆಗಳಿಗೆ ಕಡಲು ನುಗ್ಗಿ ನಿಂತದ್ದೇ ಫ್ಯೋರ್ಡು. ಎದುರುದಂಡೆಯ ಊರು ಕಣ್ಣಿಗೆ ಕಾಣುತ್ತದೆ, ಸುತ್ತಿ ಹೋಗುವುದಾದರೆ ದಿನವೇ ಮುಗಿಯುತ್ತದೆ. ಆದ್ದರಿಂದ ದಾರಿ ನೀರಿಗೆ ಬಂದು ನಿಲ್ಲುತ್ತದೆ, ಫೆರ್ರಿ ಬರುತ್ತದೆ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿನ ಲಾಂಚ್ ಹತ್ತಿದವರಿಗೆ ಈ ಕಾಯುವಿಕೆ ಗೊತ್ತು. 2015ರಲ್ಲಿ ಸೋಗ್ನೆಫ್ಯೋರ್ಡಿನಲ್ಲಿ ಓಡಾಟ ಶುರುಮಾಡಿದ ‘ಆಂಪೇರ್’ ಬ್ಯಾಟರಿಯಿಂದಲೇ ನಡೆಯುವ ಜಗತ್ತಿನ ಮೊದಲ ಕಾರ್ ಫೆರ್ರಿ. ಸದ್ದಿಲ್ಲ, ಹೊಗೆಯಿಲ್ಲ, ನೀರು ಸೀಳುವ ಶಬ್ದವಷ್ಟೇ.

ಹತ್ತಿಪ್ಪತ್ತು ನಿಮಿಷದ ದಾಟುವಿಕೆಗೆ ಬೈಕನ್ನು ಗೇರಿನಲ್ಲಿ ಬಿಟ್ಟು ಪಕ್ಕದಲ್ಲೇ ನಿಂತರೆ ಸಾಕು. ಲೋಫೋಟನ್ ದ್ವೀಪಗಳಿಗೆ ಬೋಡೊ ಪಟ್ಟಣದಿಂದ ಹೊರಡುವ ಫೆರ್ರಿ ಹಾಗಲ್ಲ. ಮೂರು ಗಂಟೆಗೂ ಮೇಲ್ಪಟ್ಟ ತೆರೆದ ಕಡಲಿನ ಪಯಣ. ಹಡಗಿನ ಹೊಟ್ಟೆಯೊಳಗೆ ಎಣ್ಣೆ ಹಿಡಿದ ಕಬ್ಬಿಣದ ನೆಲ, ಗೋಡೆಗೆ ಜೋತುಬಿದ್ದ ಪಟ್ಟಿಗಳು. ಸವಾರರು ತಮ್ಮ ಬೈಕನ್ನು ತಾವೇ ಬಿಗಿಯಬೇಕು. ಮೊದಲ ಗೇರು ಹಾಕಿ, ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೀಟು ಗೀರದಂತೆ ಬಟ್ಟೆ ಮಡಚಿಟ್ಟು, ಪಟ್ಟಿಯನ್ನು ಅದರ ಮೇಲೆ ಹಾಯಿಸಿ ನೆಲದ ಕೊಂಡಿಗೆ ಸಿಕ್ಕಿಸಿ, ಸಸ್ಪೆನ್ಷನ್ ತುಸು ಕುಗ್ಗುವ ತನಕ ಎಳೆಯಬೇಕು. ಪಕ್ಕದವನಿಗೆ ಜರ್ಮನ್, ಇವನಿಗೆ ಫ್ರೆಂಚ್, ಮಾತು ಹೊಂದುವುದಿಲ್ಲ. ಆದರೂ ಒಬ್ಬನ ಬೈಕನ್ನು ಇನ್ನೊಬ್ಬ ಹಿಡಿದು ನಿಲ್ಲುತ್ತಾನೆ, ಗಂಟು ಸಡಿಲವಿದ್ದರೆ ಕೈಹಾಕಿ ಬಿಗಿಯುತ್ತಾನೆ. ಈ ಪ್ರವಾಸದಲ್ಲಿ ಸ್ನೇಹ ಹುಟ್ಟುವುದೇ ಇಂಥ ನೆಲದ ಮೇಲೆ ಮಂಡಿಯೂರಿದಾಗ.

ಫೆರ್ರಿಗಳ ಜಾಗವನ್ನು ಒಂದೊಂದಾಗಿ ಸೇತುವೆ, ಸುರಂಗಗಳು ತುಂಬುತ್ತಿವೆ. ಲಾರ್ಡಾಲ್ ಸುರಂಗ 24.5 ಕಿಲೋಮೀಟರ್, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಇಪ್ಪತ್ತು ನಿಮಿಷ ಕಲ್ಲಿನೊಳಗೇ ಸಾಗುವ ಚಾಲಕರಿಗೆ ಮಂಕು ಕವಿಯಬಾರದೆಂದು ನಡುನಡುವೆ ಮೂರು ಕಡೆ ದೊಡ್ಡ ಗುಹೆಗಳಂತೆ ಅಗಲಿಸಿ ನೀಲಿ ಬೆಳಕು ಹಾಕಿದ್ದಾರೆ. ಮುಂಜಾವದ ಆಕಾಶದ ನೆನಪು ಬರಲಿ ಎಂದು. ಎಂಜಿನಿಯರಿಂಗ್‌ನಲ್ಲಿ ಇಂಥ ಕರುಣೆಯನ್ನು ಕಾಣುವುದು ಅಪರೂಪ. ಇನ್ನೊಂದು ಕಡೆ, 1989ರಲ್ಲಿ ತೆರೆದ ಅಟ್ಲಾಂಟಿಕ್ ರಸ್ತೆ ಪುಟ್ಟ ದ್ವೀಪಗಳನ್ನು ಹೊಲಿದಂತೆ ಎಂಟು ಸೇತುವೆಗಳ ಮೇಲೆ ಎಂಟು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಸಾಗುತ್ತದೆ. ಬಿರುಗಾಳಿಯ ದಿನ ಅಲೆಯ ನೀರು ರಸ್ತೆಗೇ ಹಾರುತ್ತದೆ. ಟ್ರೋಲ್‌ಸ್ಟಿಗೆನ್ ಘಾಟಿಯ 11 ಹೇರ್‌ಪಿನ್ ತಿರುವುಗಳು 1936ರವು. ಬಂಡೆ ಉರುಳುವ ಭಯವಿದ್ದಾಗ ಅದನ್ನು ಮುಚ್ಚುವುದುಂಟು, ಹೊರಡುವ ಮುಂಚೆ ವಿಚಾರಿಸಿಕೊಳ್ಳಬೇಕು.

ಲೋಫೋಟನ್ನಿನಲ್ಲಿ ಇ10 ಹೆದ್ದಾರಿ ಕೊನೆಗಾಣುವ ಹಳ್ಳಿಯ ಹೆಸರು ‘ಓ’. ಒಂದೇ ಅಕ್ಷರ, ಅದೂ ನಾರ್ವೇಜಿಯನ್ ವರ್ಣಮಾಲೆಯ ಕೊನೆಯ ಅಕ್ಷರ. ಹಳ್ಳಿಗಳ ಸುತ್ತ ಮನೆಗಿಂತ ಎತ್ತರದ ಮರದ ಚಪ್ಪರಗಳು. ಫೆಬ್ರವರಿಯಿಂದ ಮೇ ತನಕ ಅವುಗಳ ಮೇಲೆ ಕಾಡ್ ಮೀನನ್ನು ಜೋಡಿಜೋಡಿಯಾಗಿ ಬಾಲಕ್ಕೆ ಕಟ್ಟಿ ನೇತುಹಾಕುತ್ತಾರೆ. ಉಪ್ಪು ಹಾಕುವುದಿಲ್ಲ. ಕೊರೆಯುವ ಗಾಳಿಯೇ ಒಣಗಿಸುತ್ತದೆ. ಒಣಗಿದ ಮೀನು ಇಟಲಿಗೆ, ತಲೆಗಳು ನೈಜೀರಿಯಾಕ್ಕೆ. ಬೇಸಿಗೆಯ ಮೊದಲಲ್ಲಿ ಹೋಗುವ ಸವಾರರಿಗೆ ಊರು ಕಣ್ಣಿಗೆ ಬೀಳುವ ಮೊದಲು ಮೂಗಿಗೆ ತಿಳಿಯುತ್ತದೆ. ನಮ್ಮ ಕರಾವಳಿಯವರಿಗೆ ಆ ವಾಸನೆಯಿಂದ ಮನೆ ನೆನಪಾದರೆ ಅಚ್ಚರಿಯಿಲ್ಲ.

ರಾತ್ರಿ ಎಲ್ಲಿ? ಹೋಟೆಲು ದುಬಾರಿ, ಆದರೆ ನಾರ್ವೆಯ 1957ರ ಕಾನೂನು ಬೇಲಿಯಿಲ್ಲದ, ಬೆಳೆಯಿಲ್ಲದ ನೆಲದಲ್ಲಿ ಯಾರು ಬೇಕಾದರೂ ಡೇರೆ ಹಾಕಬಹುದು ಎನ್ನುತ್ತದೆ. ಜನ ಇರುವ ಮನೆಯಿಂದ 150 ಮೀಟರಾದರೂ ದೂರ ಇರಬೇಕು. ಭೂಮಿಯ ಒಡೆಯನ ಅಪ್ಪಣೆ ಬೇಡದೆ ಅಪರಿಚಿತನೊಬ್ಬ ಅದರ ಮೇಲೆ ಮಲಗಬಹುದು ಎಂಬ ಈ ಹಕ್ಕು ಆ ನಾಡಿನ ದೊಡ್ಡತನ.

ಆರ್ಕ್ಟಿಕ್ ವೃತ್ತವನ್ನು ದಾಟಿದ ಮೇಲೆ ನಡುಬೇಸಿಗೆಯಲ್ಲಿ ಕತ್ತಲೆಯೇ ಇಲ್ಲ. ನಾರ್ಡ್‌ಕಾಪಿನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯ ತನಕ ಸೂರ್ಯ ಮುಳುಗುವುದಿಲ್ಲ. ಆಕಾಶದ ಸುತ್ತ ಪ್ರದಕ್ಷಿಣೆ ಬರುತ್ತಾನೆ. ಜೂನ್ 21ರ ನಡುರಾತ್ರಿಯಲ್ಲೂ ಉತ್ತರ ದಿಕ್ಕಿನಲ್ಲಿ ಕ್ಷಿತಿಜದಿಂದ ನಾಲ್ಕೂವರೆ ಡಿಗ್ರಿ ಮೇಲಿರುತ್ತಾನೆ. ಕೈ ನೀಡಿ ಮುಷ್ಟಿ ಹಿಡಿದರೆ ಅರ್ಧ ಮುಷ್ಟಿಯಷ್ಟು. ಅಪಾಯವೂ ಇದರಲ್ಲೇ ಇದೆ. ಬೆಳಕಿದೆಯಲ್ಲ, ಇನ್ನೈವತ್ತು ಕಿಲೋಮೀಟರ್ ಹೋಗೋಣ ಎನ್ನಿಸುತ್ತದೆ. ಮೈ ದಣಿದದ್ದು ಗೊತ್ತಾಗುವ ಹೊತ್ತಿಗೆ ಗಡಿಯಾರ ರಾತ್ರಿ ಎರಡು ತೋರಿಸುತ್ತಿರುತ್ತದೆ.

ದಣಿದ ಕಣ್ಣಿಗೆ ಇಲ್ಲಿ ಜಾಗವಿಲ್ಲ, ಯಾಕೆಂದರೆ ರಸ್ತೆಯ ಮೇಲೆ ಹಿಮಸಾರಂಗಗಳಿವೆ. ಹಾರನ್ ಹೊಡೆದರೆ ಪಕ್ಕಕ್ಕೆ ಸರಿಯುವುದಿಲ್ಲ, ಬೈಕಿನ ಮುಂದೆಯೇ ರಸ್ತೆ ಹಿಡಿದು ಓಡುತ್ತವೆ. ಒಂದು ದಾಟಿತೆಂದು ವೇಗ ಹೆಚ್ಚಿಸುವಂತಿಲ್ಲ, ಹಿಂದೆ ಮರಿ ಇರುತ್ತದೆ. ನೋಡಲು ಕಾಡುಪ್ರಾಣಿಯಂತಿದ್ದರೂ ಇಲ್ಲಿ ಪ್ರತಿಯೊಂದಕ್ಕೂ ಒಡೆಯರಿದ್ದಾರೆ. ಕಿವಿಯಲ್ಲಿ ಕತ್ತರಿಸಿದ ಗುರುತಿನಿಂದ ಅದು ಯಾವ ಸಾಮಿ ಕುಟುಂಬದ್ದು ಎಂದು ಹೇಳಬಲ್ಲರು. ಸಾಮಿಗಳು ಈ ಬಡಗಣ ಸೀಮೆಯ ಮೂಲನಿವಾಸಿಗಳು, ಹಿಮಸಾರಂಗ ಅವರ ಬದುಕು. ಇನ್ನೂ ದಕ್ಷಿಣದ ಕಾಡುಗಳಲ್ಲಿ ಮೂಸ್ ಎಂಬ ದೈತ್ಯ ಜಿಂಕೆ. ಅದರ ಕಾಲು ಎಷ್ಟು ಉದ್ದವೆಂದರೆ ಡಿಕ್ಕಿಯಾದರೆ ದೇಹದ ಭಾರವೆಲ್ಲ ಸವಾರರ ಎದೆಮಟ್ಟಕ್ಕೇ ಬರುತ್ತದೆ.

ಫಿನ್‌ಮಾರ್ಕ್ ಪ್ರಾಂತ್ಯದಲ್ಲಿ ಹೋಗುತ್ತ ಒಂದು ಸಂಗತಿ ಹೊಳೆಯಬೇಕು: ಊರುಗಳಲ್ಲಿ ಹಳೆಯ ಕಟ್ಟಡಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಜನರನ್ನು ಎಬ್ಬಿಸಿ ಊರೂರನ್ನೇ ಸುಟ್ಟಿತು. ಮಾಗೆರೊಯಾದ ಹೊನ್ನಿಂಗ್ಸ್‌ವೋಗ್ ಪಟ್ಟಣದಲ್ಲಿ ಉಳಿದದ್ದು 1885ರ ಬಿಳಿಯ ಮರದ ಇಗರ್ಜಿ ಒಂದೇ. ಮರಳಿ ಬಂದವರಿಗೆ ಮೊದಲ ಆಸರೆ ಅದೇ ಆಯಿತು. ನಾರ್ಡ್‌ಕಾಪಿಗೆ ಧಾವಿಸುವವರಲ್ಲಿ ಎಷ್ಟೋ ಮಂದಿ ಪೆಟ್ರೋಲ್ ಹಾಕಿಸಿಕೊಂಡು ಈ ಊರನ್ನು ದಾಟಿಬಿಡುತ್ತಾರೆ. ಹತ್ತು ನಿಮಿಷ ಆ ಇಗರ್ಜಿಯ ಮುಂದೆ ನಿಲ್ಲದೆ ಹೋಗುವುದು ತಪ್ಪು.

ತುದಿಯ ಕಥೆಗೆ ಬಂದರೆ, 1553ರಲ್ಲಿ ಈಶಾನ್ಯ ಜಲಮಾರ್ಗ ಹುಡುಕುತ್ತ ಬಂದ ಇಂಗ್ಲಿಷ್ ನಾವಿಕ ರಿಚರ್ಡ್ ಚಾನ್ಸೆಲರ್ ಇದಕ್ಕೆ ಉತ್ತರದ ಭೂಶಿರ ಎಂದು ಹೆಸರಿಟ್ಟ. 1664ರಲ್ಲಿ ಇಟಲಿಯ ಪಾದ್ರಿ ಫ್ರಾಂಚೆಸ್ಕೊ ನೇಗ್ರಿ ಬಂದ, ಬರೀ ನೋಡಲಿಕ್ಕೆಂದು. 1907ರಲ್ಲಿ ಸಿಯಾಮಿನ ದೊರೆ ಚುಲಾಲಂಗ್‌ಕಾರ್ನ್ ಬಂದ. ಆಗ ಹಡಗಿನಿಂದ ಇಳಿದು ಕಡಿದಾದ ಕಾಲುದಾರಿಯಲ್ಲಿ 307 ಮೀಟರ್ ಹತ್ತಬೇಕಿತ್ತು. ರಸ್ತೆ ಆದದ್ದು 1956ರಲ್ಲಿ, ಸುರಂಗ ಬಂದದ್ದು 1999ರಲ್ಲಿ. ಅಲ್ಲಿಯವರೆಗೆ ದ್ವೀಪಕ್ಕೆ ಫೆರ್ರಿಯೇ ಗತಿ. ಚಳಿಗಾಲದಲ್ಲಿ ಈಗಲೂ ಕೊನೆಯ 13 ಕಿಲೋಮೀಟರನ್ನು ಹಿಮ ಸರಿಸುವ ವಾಹನದ ಹಿಂದೆ ಸಾಲಾಗಿಯೇ ಹೋಗಬೇಕು.

ಬಂಡೆಯ ಅಂಚಿನಲ್ಲಿ ಕಬ್ಬಿಣದ ಭೂಗೋಳ ಕಟ್ಟಿದ್ದಾರೆ. ಫೋಟೊ ಎಲ್ಲರೂ ಅಲ್ಲೇ ತೆಗೆಸಿಕೊಳ್ಳುವುದು. ನಿಜಕ್ಕೂ ಅದು ಯುರೋಪಿನ ಬಡಗಣ ತುದಿ ಅಲ್ಲ. ಎಡಕ್ಕೆ ನೋಡಿದರೆ ಇನ್ನೊಂದು ತಗ್ಗು ನಾಲಗೆ ಕಡಲಿಗೆ ಚಾಚಿದೆ, ಅದು ಕ್ನಿವ್‌ಶೆಲೊಡ್ಡೆನ್, ಸುಮಾರು ಒಂದೂವರೆ ಕಿಲೋಮೀಟರ್ ಹೆಚ್ಚು ಉತ್ತರಕ್ಕೆ. ದ್ವೀಪವನ್ನು ಬಿಟ್ಟು ಮುಖ್ಯ ಭೂಮಿಯನ್ನೇ ಲೆಕ್ಕ ಹಿಡಿದರೆ ತುದಿ ಇನ್ನೂ ಪೂರ್ವದಲ್ಲಿರುವ ಕಿನ್ನರೊಡ್ಡೆನ್. ಎರಡಕ್ಕೂ ರಸ್ತೆಯಿಲ್ಲ. ಕ್ನಿವ್‌ಶೆಲೊಡ್ಡೆನ್‌ಗೆ ಹೋಗಿ ಬರಲು 18 ಕಿಲೋಮೀಟರ್ ನಡೆಯಬೇಕು. ಭಾರದ ಬೈಕ್ ಬೂಟು ಬಿಚ್ಚಿಟ್ಟು ಆ ಕೆಸರುದಾರಿ ಹಿಡಿಯುವವರು ಕಡಿಮೆ, ಹಿಡಿದವರು ಅಲ್ಲಿಂದ ತಿರುಗಿ ನಾರ್ಡ್‌ಕಾಪಿನ ಬಂಡೆಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಆ ನೋಟ ಭೂಗೋಳದ ಬಳಿ ನಿಂತವರಿಗೆ ಸಿಗುವುದಿಲ್ಲ.

ಹಿಂದಿರುಗುವ ದಾರಿ ಇ69. ಅದೇ ಸುರಂಗ, ಅದೇ ಕಡಲಂಚು, 129 ಕಿಲೋಮೀಟರ್ ಕಳೆದರೆ ಓಲ್ಡರ್‌ಫ್ಯೋರ್ಡ್ ಎಂಬಲ್ಲಿ ಕೂಡುರಸ್ತೆ. ಬಲಕ್ಕೆ ತಿರುಗಿದರೆ ಆಲ್ಟಾ, ಎಡಕ್ಕೆ ತಿರುಗಿದರೆ ಸಾಮಿ ಸಂಸತ್ತಿರುವ ಕರಾಶೋಕ್, ಮುಂದೆ ಫಿನ್ಲೆಂಡಿನ ಕಾಡು. ಇಳಿದು ಬಂದವರು ಇಲ್ಲಿ ನಿಂತು ನಕ್ಷೆ ಬಿಚ್ಚುತ್ತಾರೆ. ಹತ್ತಿ ಹೋಗುವವರು ಎದುರಿಗೆ ಸಿಕ್ಕಾಗ ಎಡಗೈ ಹ್ಯಾಂಡಲ್ ಬಿಟ್ಟು ಏಳುತ್ತದೆ, ಅದು ಸವಾರರ ನಮಸ್ಕಾರ. ಕೆಲವರು ಬೈಕು ನಿಲ್ಲಿಸಿಯೇ ಬಿಡುತ್ತಾರೆ. ಹೆಲ್ಮೆಟ್ ತೆಗೆಯುವ ಮೊದಲೇ ಅವರು ಕೇಳುವುದು ಒಂದನ್ನೇ: ಮೇಲೆ ಮಂಜಿದೆಯೋ, ಸೂರ್ಯ ಕಾಣುತ್ತಿದ್ದಾನೋ?