ಅಂಗಾಲಿನಲ್ಲಿ ಸಿಕ್ಕಿಕೊಂಡ ನರ

ನಡೆಯುವಾಗ ಅಂಗಾಲಿನ ಮುಂಭಾಗದಲ್ಲಿ ಉರಿ, ಹರಳುಕಲ್ಲನ್ನು ಮೆಟ್ಟಿದಂಥ ನೋವು. ಜೋಡು ಕಳಚಿ ನೀವಿದರೆ ಉಪಶಮನ. 1876ರಲ್ಲಿ ಇದನ್ನು ವರ್ಣಿಸಿದ ಫಿಲಡೆಲ್ಫಿಯದ ಶಸ್ತ್ರವೈದ್ಯ ಥಾಮಸ್ ಮಾರ್ಟನ್‌ನಿಂದ ಇದಕ್ಕೆ ‘ಮಾರ್ಟನ್ ನ್ಯೂರೋಮ’ ಎಂಬ ಹೆಸರು. ನ್ಯೂರೋಮ ಎಂದರೆ ನರದ ಗಂತಿ. ಆದರೆ ಇದು ನಿಜವಾದ ಗಂತಿಯಲ್ಲ. ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವಣ ನರವು ಒತ್ತಡಕ್ಕೆ ಸಿಕ್ಕಿ, ಅದರ ಸುತ್ತಣ ಅಂಗಾಂಶ ದಪ್ಪವಾಗಿರುತ್ತದೆ.

ಆದುದರಿಂದ ಚಿಕಿತ್ಸೆಯು ಪಾದರಕ್ಷೆಯಿಂದಲೇ ಮೊದಲಾಗಬೇಕು: ಬೆರಳುಗಳು ಹರಡಿಕೊಳ್ಳುವಷ್ಟು ಅಗಲವಾದ, ತಗ್ಗು ಹಿಮ್ಮಡಿಯ ಜೋಡು; ಅದರೊಳಗೊಂದು ಮೆತ್ತೆ. ಮೆತ್ತೆಯನ್ನು ನೋಯುವೆಡೆಗಿಂತ ತುಸು ಹಿಂದಕ್ಕೆ ಇಡಬೇಕು. ನೋವಿನ ಮೇಲೆಯೇ ಇಟ್ಟರೆ ಒತ್ತಡ ಹೆಚ್ಚೀತು. ಇದಕ್ಕೂ ಬಗ್ಗದಿದ್ದರೆ ಸ್ಟೀರಾಯ್ಡ್ ಚುಚ್ಚುಮದ್ದು ಉಂಟು. ಶಸ್ತ್ರಕ್ರಿಯೆ ಕಟ್ಟಕಡೆಯದು. ನರವನ್ನು ಕತ್ತರಿಸಿ ತೆಗೆದರೆ ಬೆರಳುಗಳ ನಡುವೆ ಸ್ಪರ್ಶಜ್ಞಾನ ಅಳಿಯುವುದು. ಅದನ್ನು ಹಲವರು ಸಹಿಸಿಯಾರು. ಆದರೆ ಉಳಿದ ನರದ ತುದಿಯಲ್ಲಿ ಕೆಲವೊಮ್ಮೆ ಹೊಸ ಗಂಟೊಂದು ಬೆಳೆದು, ನೋವು ಮರಳುವುದೂ ಉಂಟು.