ಕಾದಂಬರಿಗೂ ಅಡತಿಯವರುಂಟೆ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಯಾವುದೋ ಮನೆಯ ಟ್ರಂಕಿನಲ್ಲಿ, ಮಡಿಸಿಟ್ಟ ಸೀರೆಗಳ ಅಡಿಯಲ್ಲಿ, ಮಗಳೋ ಸೊಸೆಯೋ ಬರೆದ ಪ್ರೇಮಕಾದಂಬರಿಯೊಂದು ಅಡಗಿರಬಹುದು. ಹಿರಿಯರು ಏನೆಂದಾರೋ ಎಂಬ ಅಂಜಿಕೆ ಒಂದು ಕಡೆ. ಅಚ್ಚಿಗೆ ಮುಟ್ಟಿಸುವ ದಾರಿ ತಿಳಿಯದ ಚಿಂತೆ ಇನ್ನೊಂದು ಕಡೆ.

ಅಂಜಿಕೆಗೆ ಕಾರಣವಿಲ್ಲ. ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ವರಿಸಿದ ಅಕ್ಕಮಹಾದೇವಿ ತನ್ನ ಒಲವನ್ನು ವಚನವಾಗಿಸಿದಳು. ಲೌಕಿಕ ಪ್ರೇಮದ ಕಥೆ ಅದಕ್ಕೆ ಸಮನೆಂದು ಹೇಳುತ್ತಿಲ್ಲ. ಆದರೆ ಹೆಣ್ಣು ತನ್ನ ಅಂತರಂಗವನ್ನು ತನ್ನದೇ ಅಂಕಿತದಲ್ಲಿ ನುಡಿಯಬಹುದೆಂಬುದನ್ನು ಶರಣರು 12ನೆಯ ಶತಮಾನದಲ್ಲಿಯೇ ಒಪ್ಪಿದ್ದರು.

ಇನ್ನು ದಾರಿಯ ಮಾತು. ರೈತನು ಬೆಳೆದ ಜೋಳವನ್ನು ಅಡತಿ ಅಂಗಡಿಯವರು ಮಾರಿಕೊಟ್ಟು ದಲಾಲಿ ಪಡೆಯುವಂತೆ, ಇಂಗ್ಲೆಂಡ್, ಅಮೆರಿಕಗಳಲ್ಲಿ ಲೇಖಕರ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಒಪ್ಪಿಸುವ ಸಾಹಿತ್ಯ ಏಜೆಂಟರಿದ್ದಾರೆ. ಲೇಖಕರ ಗಳಿಕೆಯಲ್ಲಿ ಸಾಮಾನ್ಯವಾಗಿ ಶೇಕಡಾ 15 ಅವರ ಪಾಲು. ಕನ್ನಡದಲ್ಲಿ ಈ ವೃತ್ತಿ ಬೇರೂರಿಲ್ಲ. ಇಲ್ಲಿ ವಾರಪತ್ರಿಕೆಯ ಸಂಪಾದಕರು, ಪ್ರಕಾಶಕರು, ಬಾಡಿಗೆಗೆ ಪುಸ್ತಕ ಕೊಡುವ ವಾಚನಾಲಯಗಳು ಲೇಖಕರನ್ನು ಓದುಗರ ಬಳಿಗೆ ಕರೆತಂದವು.

ನಮ್ಮ ಬೀಳಗಿಯಲ್ಲಿ 1911ರಲ್ಲಿ ಜನಿಸಿದ ಕೃಷ್ಣಮೂರ್ತಿ ಪುರಾಣಿಕರು ಗೋಕಾಕದಲ್ಲಿ ಶಿಕ್ಷಕರಾಗಿದ್ದುಕೊಂಡೇ ಕುಟುಂಬಜೀವನದ ಕಾದಂಬರಿಗಳನ್ನು ರಚಿಸಿದರು. ಅವರ ಕೃತಿಗಳನ್ನು ಆಧರಿಸಿ ‘ಕರುಣೆಯೇ ಕುಟುಂಬದ ಕಣ್ಣು’ (1962), ‘ಕುಲವಧು’ (1963), ‘ಸನಾದಿ ಅಪ್ಪಣ್ಣ’ (1977) ಚಲನಚಿತ್ರಗಳು ಬಂದವು. 1917ರಲ್ಲಿ ಜನಿಸಿದ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ. ಸಂಸಾರದ ನಡುವೆ ವಯಸ್ಸು ಮೀರಿತೆಂದು ಕೊರಗುವ ತಾಯಂದಿರು ಇದನ್ನು ನೆನೆಯಬೇಕು. ವಚನಗಳ ಮುದ್ರಣಕ್ಕಾಗಿ ಮನೆಯನ್ನೇ ಮಾರಿ ಮುದ್ರಣಾಲಯ ಕಟ್ಟಿದ ಫ. ಗು. ಹಳಕಟ್ಟಿಯವರಂತೂ ನಮ್ಮೆಲ್ಲರಿಗೂ ಪೂಜ್ಯರು.

ಆದುದರಿಂದ ಬರೆಯುವವರು ಮೊದಲು ಕೃತಿಯನ್ನು ಪೂರ್ಣಗೊಳಿಸಬೇಕು. ಮುಲಾಜಿಲ್ಲದೆ ತಪ್ಪು ಹೇಳುವ ಇಬ್ಬರಿಗೆ ಓದಲು ಕೊಟ್ಟು ತಿದ್ದಬೇಕು. ಮೂಲಪ್ರತಿಯನ್ನು ತಮ್ಮಲ್ಲಿಟ್ಟುಕೊಂಡು, ಅಂತಹ ಕಾದಂಬರಿಗಳನ್ನೇ ಪ್ರಕಟಿಸುವವರಿಗೆ ಕಥಾಸಾರದೊಡನೆ ನಕಲನ್ನು ಕಳುಹಿಸಬೇಕು. ಪ್ರಕಟಿಸುವೆವೆಂದು ಮುಂಗಡ ಹಣ ಕೇಳುವವರ ವಿಷಯದಲ್ಲಿ ಎಚ್ಚರ ಅಗತ್ಯ. ಕರಾರುಪತ್ರವನ್ನು ತಿಳಿದವರಿಂದ ಓದಿಸದೆ ಸಹಿ ಮಾಡಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಮುದ್ರಣದ ಹಕ್ಕು ಬೇರೆ, ಚಲನಚಿತ್ರದ ಹಕ್ಕು ಬೇರೆ. ಎಲ್ಲವನ್ನೂ ಒಂದೇ ಸಹಿಯಲ್ಲಿ ಬರೆದುಕೊಟ್ಟರೆ ಮಕ್ಕಳು ಮೊಮ್ಮಕ್ಕಳ ಪಾಲೂ ಕೈಬಿಡುತ್ತದೆ.

ಅಡತಿಯವರಿಲ್ಲದ ಈ ಪೇಟೆಯಲ್ಲಿ ಮನೆಯವರೇ ಮೊದಲ ಆಸರೆ. ಮಗಳು ಬರೆಯುವ ಒಂದು ಗಂಟೆಯ ಹೊತ್ತು ಅಡುಗೆಮನೆಯ ಕೆಲಸವನ್ನು ಇತರರು ಹಂಚಿಕೊಳ್ಳಲಿ. ನೇಯ್ಗೆ ಕಾಯಕವಾಗಿರುವ ನಾಡಿನಲ್ಲಿ ಬರವಣಿಗೆಯೂ ಕಾಯಕವೇ. ಟ್ರಂಕಿನೊಳಗಿನ ಆ ಪುಸ್ತಕವನ್ನು ಹೊರಗೆ ತೆಗೆಯಲು ಹಿರಿಯರೇ ಹೇಳಲಿ.