ಔಟ್ ಇಲ್ಲದ ಲಗೋರಿ

ಲಗೋರಿ ಆಟ ನಮಗೆಲ್ಲ ಗೊತ್ತು. ಏಳು ಚಪ್ಪಟೆ ಕಲ್ಲು. ಒಂದು ಚೆಂಡು. ಎರಡು ಗುಂಪು. ಒಂದು ಗುಂಪಿನವರು ಚೆಂಡು ಎಸೆದು ಕಲ್ಲು ಬೀಳಿಸಬೇಕು. ಆಮೇಲೆ ಅವರೇ ಕಲ್ಲು ಜೋಡಿಸಬೇಕು. ಅಷ್ಟರಲ್ಲಿ ಎದುರು ಗುಂಪಿನವರು ಚೆಂಡಿನಿಂದ ಹೊಡೆಯುತ್ತಾರೆ. ಚೆಂಡು ತಗುಲಿದವರು ಔಟು.

ಔಟಾದವರು ಏನು ಮಾಡುತ್ತಾರೆ? ಮರದ ಕೆಳಗೆ ಹೋಗಿ ಕೂರುತ್ತಾರೆ. ಮೊದಲು ಔಟಾಗೋರು ಯಾರು? ಜೋರಾಗಿ ಓಡಲು ಆಗದವರು. ಅಂದರೆ, ಯಾರಿಗೆ ಓಡಾಟ ಹೆಚ್ಚು ಬೇಕೋ ಅವರೇ ಹೆಚ್ಚು ಹೊತ್ತು ಕೂರುತ್ತಾರೆ. ಇದು ಸರಿಯಾ, ಅಕ್ಕ?

ಅದಕ್ಕೇ ಕೆಲವು ಕಡೆ ಆಟದ ಮೇಷ್ಟ್ರು ಬೇರೆ ದಾರಿ ಹಿಡಿಯುತ್ತಾರೆ. ಆಟ ಹೇಳಿಕೊಡುವುದಿಲ್ಲ. ಆಟ ಕಟ್ಟಲು ಹೇಳುತ್ತಾರೆ. ಎಂಟು ಹತ್ತು ಮಕ್ಕಳ ಗುಂಪು ಮಾಡುತ್ತಾರೆ. ಹಳೆ ಸೈಕಲ್ ಟಯರು, ಬಟ್ಟೆ ಚೆಂಡು, ಹಗ್ಗ, ಬಿಂದಿಗೆಯ ಸಿಂಬಿ, ಏನಾದರೂ ಒಂದು ಕೊಡುತ್ತಾರೆ. "ಇದರಲ್ಲಿ ಹೊಸ ಆಟ ಮಾಡಿ. ಎಲ್ಲರೂ ಆಡಬೇಕು. ಯಾರೂ ಸುಮ್ಮನೆ ಕೂರಬಾರದು. ಯಾರಿಗೂ ಪೆಟ್ಟಾಗಬಾರದು" ಅಂತಾರೆ. ಇಷ್ಟೇ.

ಮಕ್ಕಳು ಲಗೋರಿಯನ್ನೇ ಹೇಗೆ ಬದಲಿಸಬಹುದು ನೋಡಿ. ಚೆಂಡು ತಗುಲಿದರೆ ಔಟಿಲ್ಲ. ಮರದ ತನಕ ಕುಂಟುತ್ತಾ ಹೋಗಬೇಕು. ಮರ ಮುಟ್ಟಿ, ಓಡಿ ಬಂದು ಮತ್ತೆ ಆಟಕ್ಕೆ ಸೇರಬೇಕು. ಕಾಲಿನ ತೊಂದರೆ ಇರೋ ಹುಡುಗಿ ಇದ್ದರೆ? ದೂರ ಬಿದ್ದ ಕಲ್ಲನ್ನು ಉಳಿದವರು ತಂದುಕೊಡುತ್ತಾರೆ. ಜೋಡಿಸೋಳು ಅವಳು. ಅವಳ ಸುತ್ತ ಒಂದು ಗೆರೆ. ಗೆರೆಯ ಒಳಗೆ ಬಂದು ಹೊಡೆಯುವ ಹಾಗಿಲ್ಲ.

ಮೊದಲ ಸಲಕ್ಕೇ ಎಲ್ಲಾ ಸರಿಹೋಗಲ್ಲ. ಜಗಳ ಆಗುತ್ತದೆ. "ಗೆರೆ ದೊಡ್ಡದಾಯ್ತು" ಅಂತ ಒಬ್ಬ. "ಮರ ದೂರ ಆಯ್ತು" ಅಂತ ಒಬ್ಬಳು. ಆಟ ನಿಲ್ಲಿಸಿ ಮಾತಾಡುತ್ತಾರೆ. ಗೆರೆ ಅಳಿಸಿ ಚಿಕ್ಕದು ಮಾಡುತ್ತಾರೆ. ಮತ್ತೆ ಆಡುತ್ತಾರೆ. ಪೆಟ್ಟಾಗುವ ಹಾಗಿದ್ದರೆ ಮಾತ್ರ ಮೇಷ್ಟ್ರು ತಡೆಯುತ್ತಾರೆ. ತಾವೇ ಮಾಡಿದ ನಿಯಮ. ಮುರಿಯಲು ಮನಸ್ಸು ಬರಲ್ಲ. ನಮ್ಮ ಸಂಘದಲ್ಲಿ ಉಳಿತಾಯದ ನಿಯಮ ನಾವೇ ಕೂತು ಮಾಡಿಕೊಳ್ಳುತ್ತೇವಲ್ಲ, ಹಾಗೇ ಇದೂ.

ಇದೇನು ಹೊಸದಲ್ಲ. ಕುಂಟಾಬಿಲ್ಲೆ ನಮಗೆ ಯಾವ ಮೇಷ್ಟ್ರು ಕಲಿಸಿದರು? ಗೆರೆ ನಾವೇ ಎಳೆದುಕೊಂಡೆವು. ಬೀದಿಗೊಂದು ನಿಯಮ ಇತ್ತು. ಆದರೆ ನಮ್ಮ ಆಟ ಬೇಗ ನಿಂತುಹೋಯಿತು. "ದೊಡ್ಡವಳಾದೆ, ಇನ್ನೆಂಥ ಕುಣಿತ?" ಅಂದರು. ಈಗ ನಮ್ಮ ಮಗಳಿಗೂ ನಾವು ಹಾಗೇ ಅನ್ನೋದಾ?

ಬೆಳೆಯುವ ವಯಸ್ಸಿನಲ್ಲಿ ಓಡಿ, ನೆಗೆದರೆ ಮೂಳೆ ಗಟ್ಟಿಯಾಗುತ್ತದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಓಡಾಟ ಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಾತು. ಹುಡುಗಿಯರಿಗೂ ಅಷ್ಟೇ ಬೇಕು. ಮುಟ್ಟಿನ ದಿನ ಆಡಬಾರದು ಅಂತೇನೂ ಇಲ್ಲ. ಹೊಟ್ಟೆನೋವು, ಸುಸ್ತು ಇದ್ದರೆ ಕೂರಲಿ. ಇಲ್ಲದಿದ್ದರೆ ಆಡಲಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೆ ಆಟದ ಮೈದಾನ ಇರಬೇಕು. ಆಟದ ಸಾಮಾನೂ ಇರಬೇಕು. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಎಂದೂ ಆ ಕಾಯ್ದೆ ಹೇಳುತ್ತದೆ. ಸಭೆಗೆ ಹೋದಾಗ ಕೇಳಿ. ಆಟದ ಪಿರಿಯಡ್ ನಡೀತಿದೆಯಾ? ಇಲ್ಲ, ಅದರಲ್ಲೂ ಲೆಕ್ಕ ಮಾಡಿಸ್ತೀರಾ? ಹುಡುಗಿಯರೂ ಮೈದಾನಕ್ಕೆ ಇಳೀತಾರಾ?

ಚೆಂಡಿಲ್ಲ ಅಂದರೆ ನಾವೇ ಮಾಡಿಕೊಡೋಣ. ಹಳೆ ಸೀರೆ ಹರಿದು ಉಂಡೆ ಸುತ್ತಿ. ದಾರದಿಂದ ಬಿಗಿಯಾಗಿ ಕಟ್ಟಿ. ಮೇಲೆ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿ ಹಾಕಿ. ಲಗೋರಿಗೆ ಚೆಂಡು ಆಯ್ತು. ಮೆತ್ತಗಿರುತ್ತೆ, ತಗುಲಿದರೂ ಅಷ್ಟು ನೋಯಲ್ಲ.